ಒಳಗೆ ಕೂತ್ಕಳಿ, ನೀರು ಹೊಯ್ತೀನಿ

ಅಕ್ಕನ ಅಂಗಡಿಯಲ್ಲಿ ಟೆಂಟು ಕೊಳ್ಳಲು ಬಂದವರು ಮೊದಲು ಅದರೊಳಗೆ ಕೂರಬೇಕಿತ್ತು. ಬಣ್ಣ ಯಾವುದು, ಬೆಲೆ ಎಷ್ಟು, ಎಷ್ಟು ಜನ ಮಲಗಬಹುದು ಎಂಬ ಮಾತೆಲ್ಲ ಆಮೇಲೆ. ಅಂಗಡಿಯ ಹಿತ್ತಲಲ್ಲಿ ಟೆಂಟನ್ನು ಕಟ್ಟಿ ನಿಲ್ಲಿಸಿ, ಗಿರಾಕಿಯನ್ನು ಒಳಗೆ ಕಳಿಸಿ, ಜಿಪ್ಪು ಎಳೆಸಿ, ಅಕ್ಕ ಸ್ಟೂಲು ಹತ್ತುತ್ತಿದ್ದರು. "ಒಳಗೆ ಕೂತ್ಕಳಿ, ನೀರು ಹೊಯ್ತೀನಿ" ಎಂದು ಕೂಗಿ ಬಿಂದಿಗೆ ಬಗ್ಗಿಸುತ್ತಿದ್ದರು. ಮೊದಲ ಬಿಂದಿಗೆ ನೆತ್ತಿಯ ಮೇಲೆ, ಎರಡನೆಯದು ಹೊಲಿಗೆಗಳ ಗುಂಟ ಸಣ್ಣಗೆ, ಕೊನೆಯದು ಪಕ್ಕದಿಂದ ಎರಚಲಿನ ಹಾಗೆ ಜೋರಾಗಿ. ಒಳಗಿದ್ದವರು ಒಣಬಟ್ಟೆಯಲ್ಲಿ ಹೊರಗೆ ಬಂದರೆ ವ್ಯಾಪಾರ. ಒಂದು ಹನಿ ಬಿತ್ತು ಅಂದರೂ ಮುಂದಿನ ಮಾತಿಲ್ಲ, ಆ ಟೆಂಟು ನೇರ ಹೊಲಿಗೆ ಮಿಷನ್ನಿನ ಮುಂದಕ್ಕೆ ವಾಪಸ್ಸು.

ಆ ಅಂಗಡಿಯ ವೆಬ್‌ಸೈಟು ಮತ್ತು ಜಾಹೀರಾತು ನೋಡಿಕೊಳ್ಳಲು ನಾನು ಸೇರಿದ ದಿನ ನನ್ನನ್ನೂ ಒಳಗೆ ಕೂರಿಸಿದರು. ಮೊದಲ ದಿನ ಅಂತ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಆಲಸನತ್ತದ ನಮ್ಮ ಮನೆಯಿಂದ ಧೂಳು ತಾಗದ ಹಾಗೆ ಸ್ಕೂಟಿ ಓಡಿಸಿಕೊಂಡು ಬಂದಿದ್ದೆ.

"ಅಕ್ಕ, ನಾನು ಕೊಳ್ಳಾಕೆ ಬಂದಿರೋಳಲ್ಲ" ಅಂದೆ.

"ಮಾರಾಕೆ ಬಂದಿದ್ದೀಯಲ್ಲಮ್ಮಿ? ಮಾರೋಳು ಮೊದ್ಲು ಕೂತ್ಕಬೇಕು. ನಡಿ, ನಡಿ."

ಮೇಲೆ ದಬದಬ ನೀರು ಬಿತ್ತು. ನಾನು ಮಂಡಿ ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಹೊರಗೆ ಬಂದಾಗ ಚೂಡಿದಾರ ಇಸ್ತ್ರಿ ಮಾಡಿದ ಹಾಗೇ ಇತ್ತು. ಅಕ್ಕ ಮಾತ್ರ ಸೀರೆಯ ನೆರಿಗೆಯಿಂದ ಹಿಡಿದು ಮೊಣಕೈವರೆಗೆ ತೊಪ್ಪೆಯಾಗಿ, ನನ್ನ ಮುಖ ನೋಡಿ ಹಲ್ಲು ಕಿರಿಯುತ್ತಾ ನಿಂತಿದ್ದರು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನೀರು ಹೊಯ್ಯುವ ಈ ರೂಢಿ ಟೆಂಟಿನಿಂದ ಬಂದದ್ದಲ್ಲ, ಟಾರ್ಪಾಲಿನಿಂದ ಬಂದದ್ದು. ಅಕ್ಕನ ಗಂಡನ ಕಡೆಯವರು ಹೊಸೂರಿನಲ್ಲಿ ರಾಯಕೋಟೆ ರಸ್ತೆಯಲ್ಲಿ ಲಾರಿ ಟಾರ್ಪಾಲು ಹೊಲಿಯುತ್ತಿದ್ದವರು. ಲಾರಿಯವರು ಬಾಯಿಮಾತು ನಂಬುವ ಪೈಕಿ ಅಲ್ಲ. ನಾಲ್ಕು ಗಳ ನೆಡಿಸಿ, ಹೊಸ ಟಾರ್ಪಾಲು ಕಟ್ಟಿಸಿ, ಮೇಲೆ ನೀರು ನಿಲ್ಲಿಸಿ, ತಾವೇ ಅಡಿಯಲ್ಲಿ ನಿಂತು ಬೀಡಿ ಹಚ್ಚುತ್ತಿದ್ದರಂತೆ. ಬೀಡಿ ಮುಗಿಯುವಷ್ಟರಲ್ಲಿ ಹನಿ ಬೀಳದಿದ್ದರೆ ಮಾಲು ಪಾಸು. ಗಂಡ ತೀರಿಕೊಂಡ ಮೇಲೆ ಅಂಗಡಿ ಅಕ್ಕನ ಕೈಗೆ ಬಂತು. ಅಷ್ಟರಲ್ಲಿ ಲಾರಿಗೆ ಫ್ಯಾಕ್ಟರಿಯ ಶೀಟು ಬಂದು ಟಾರ್ಪಾಲಿನ ಹೊಲಿಗೆ ನಿಂತೇಹೋಗಿತ್ತು. ಬೆಟ್ಟ ಹತ್ತಲು ಹೋಗುವವರು ಹರಿದ ಬ್ಯಾಗು ಹೊಲಿಸಲು ಬರುತ್ತಿದ್ದರು. ಅವರ ಬ್ಯಾಗು ಬಿಚ್ಚಿ ನೋಡಿ ನೋಡಿಯೇ ಅಕ್ಕ ಬ್ಯಾಗು, ಮಳೆಕೋಟು, ಕೊನೆಗೆ ಟೆಂಟು ಹೊಲಿಸಲು ಶುರುಮಾಡಿದರು. ಹೆಡ್‌ಲ್ಯಾಂಪು, ಬೂಟು, ಹಗ್ಗ ಎಲ್ಲ ಹೊರಗಿನಿಂದ ತಂದು ಮಾರುವುದು. ಟೆಂಟು ಮಾತ್ರ ಸ್ವಂತದ್ದು.

ಹೊಲಿಯುತ್ತಿದ್ದವರು ಗುಮ್ಮಳಾಪುರದಿಂದ ಬಸ್ಸಿನಲ್ಲಿ ಬರುವ, ಅಕ್ಕನ ಸಂಬಂಧಿ. ಅಕ್ಕ ಮಾವ ಅನ್ನುತ್ತಿದ್ದರು, ನಾನೂ ಮಾವ ಅಂದೆ. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಸೂಜಿ ಹೋದಲ್ಲೆಲ್ಲ ತೂತು ಬಿದ್ದೇ ಬೀಳುತ್ತದೆ. ಅದಕ್ಕೆ ಹೊಲಿಗೆಯ ಒಳಮೈಗೆ ಟೇಪು ಇಟ್ಟು ಬಿಸಿ ಇಸ್ತ್ರಿಯಿಂದ ಅಂಟಿಸಬೇಕು. ಉದ್ದನೆಯ ಹೊಲಿಗೆಯಲ್ಲಿ ಅದು ಸಲೀಸು. ನಾಲ್ಕು ಹೊಲಿಗೆ ಬಂದು ಕೂಡುವ ಮೂಲೆಯಲ್ಲಿ ಟೇಪು ಮಡಿಚಿಕೊಂಡು ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ನೀರಿಗೆ ಮಾತ್ರ ಸಿಗುತ್ತದೆ.

ಯಾರೋ ಮಾಡಿಕೊಟ್ಟು ಕೈತೊಳೆದುಕೊಂಡಿದ್ದ ಆ ವೆಬ್‌ಸೈಟನ್ನು ನೋಡಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬ್ಯಾಗಿನ ಫೋಟೋ ತಲೆಕೆಳಗಾಗಿತ್ತು. ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು. ಜಾಹೀರಾತಿಗೆ ಹಾಕಿದ ದುಡ್ಡೆಲ್ಲ ಶಾಮಿಯಾನದವರ ಪಾಲಾಗುತ್ತಿತ್ತು. ನಮ್ಮ ಕಡೆ ಟೆಂಟ್ ಅಂತ ಹುಡುಕುವವರು ಮದುವೆ ಮನೆಯವರಲ್ಲವೇ? ಒಬ್ಬರು ಫೋನ್ ಮಾಡಿ, "ನಾಡಿದ್ದು ನಿಶ್ಚಿತಾರ್ಥ ಐತೆ, ಪೆಂಡಾಲು, ಕುರ್ಚಿ, ಒಂದು ಸೀರಿಯಲ್ ಸೆಟ್ಟು, ಎಲ್ಲಾ ಸೇರಿ ಏನಾಯ್ತದೆ ಹೇಳಿ" ಅಂದರು. ನಮ್ಮದು ಇಬ್ಬರು ಮಲಗುವ ಟೆಂಟು ಅಂದೆ. "ಗಂಡು ಹೆಣ್ಣು ಮಾತ್ರ ಕೂತ್ಕಂಡ್ರೆ ನಮ್ ನೆಂಟ್ರೆಲ್ಲಾ ಎಲ್ಲೋಗಬೇಕು?" ಎಂದು ರೇಗಿದರು.

ಅದನ್ನೆಲ್ಲ ಒಂದೊಂದಾಗಿ ಸರಿಮಾಡಿದೆ. ಮದುವೆ, ಪೆಂಡಾಲು, ಕುರ್ಚಿ, ಬಾಡಿಗೆ ಎಂಬ ಮಾತು ಹಾಕಿ ಹುಡುಕುವವರಿಗೆ ನಮ್ಮ ಜಾಹೀರಾತು ಕಾಣದ ಹಾಗೆ ತಡೆ ಹಾಕಿದೆ. ಒಂದೊಂದು ಸಾಮಾನನ್ನೂ ತಕ್ಕಡಿಯಲ್ಲಿಟ್ಟು ತೂಕ ಬರೆದೆ. ಟೆಂಟಿನ ಅಳತೆ ಓದಿದವರಿಗೆ ತಿಳಿಯಲಿ ಎಂದು ಮಾವನನ್ನು ಒಳಗೆ ಮಲಗಿಸಿ ಫೋಟೋ ತೆಗೆದೆ. ಮಾವ ಉದ್ದ ಆಳು, ಪಾದ ಹೊರಗೆ ಬಂತು. "ಕಾಲು ಮಡಿಸ್ಕಳಿ ಮಾವ" ಅಂದರೆ, "ಕೊಂಡ್ಕಳೋರು ಮಡಿಸ್ಕತಾರಾ?" ಅಂದರು. ಕನ್ನಡ, ತಮಿಳು, ಇಂಗ್ಲಿಷು ಮೂರರಲ್ಲೂ ಪುಟ ಬರೆದೆ. ಇಷ್ಟೆಲ್ಲ ಮಾಡಿದರೂ ಆರ್ಡರು ಬಂದದ್ದು ಅಲ್ಲೊಂದು ಇಲ್ಲೊಂದು. ಜನ ಪುಟಕ್ಕೆ ಬರುತ್ತಿದ್ದರು, ನೋಡುತ್ತಿದ್ದರು, ದೊಡ್ಡ ಕಂಪನಿಗಳ ಟೆಂಟಿನ ಕಡೆಗೆ ಹೋಗಿಬಿಡುತ್ತಿದ್ದರು. ಯಾಕೆ ಬಿಡುತ್ತಾರೆ ಎಂದು ತಲೆ ಕೆರೆದುಕೊಳ್ಳುತ್ತಾ ಕೂತಿರುತ್ತಿದ್ದೆ. ಹಿತ್ತಲಿನಿಂದ ನೀರಿನ ಸದ್ದೂ ಗಿರಾಕಿಗಳ ಕಿರುಚಾಟವೂ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಕಿವಿಗೆ ಬಿದ್ದದ್ದು ತಲೆಗೆ ಹೋಗಲು ಅಷ್ಟು ದಿನ ಹಿಡಿಯಿತು, ಅಷ್ಟು ನನ್ನ ಜಾಣತನ!

ಒಂದು ಭಾನುವಾರ ಬೆಂಗಳೂರಿನ ಗಂಡ ಹೆಂಡತಿ ಬಂದಿದ್ದರು. ಅವರನ್ನು ಒಳಗೆ ಕೂರಿಸಿ ಅಕ್ಕ ನೀರು ಹೊಯ್ಯುವುದನ್ನು ಫೋನಿನಲ್ಲಿ ಹಿಡಿದೆ. ಒಳಗಿನಿಂದ ಹೆಂಗಸಿನ ಚೀರಾಟ, ಗಂಡನ ನಗು, ಹೊರಗೆ ಅಕ್ಕನ ಗದರಿಕೆ: "ಅಲ್ಲಾಡಬ್ಯಾಡಿ, ಕಂಬಿ ಬಗ್ಗೋಯ್ತದೆ!" ಜಿಪ್ಪು ತೆಗೆದು ಇಬ್ಬರೂ ಒಣತಲೆಯಲ್ಲೇ ಹೊರಗೆ ಬಂದರು, ಅಕ್ಕ ಸೆರಗು ಹಿಂಡಿಕೊಂಡರು. ಅಷ್ಟೇ ವಿಡಿಯೋ. ಒಂದು ಕಡೆಯೂ ಕತ್ತರಿಸದೆ, ಹಾಡು ಸೇರಿಸದೆ ವೆಬ್‌ಸೈಟಿನ ಮೊದಲ ಪುಟಕ್ಕೇ ಹಾಕಿದೆ. ಕೆಳಗೆ ಒಂದು ಸಾಲು ಬರೆದೆ: "ನೀರು ಹೊಯ್ದು ನೋಡದ ಒಂದು ಟೆಂಟೂ ನಮ್ಮ ಅಂಗಡಿಯ ಹೊಸ್ತಿಲು ದಾಟುವುದಿಲ್ಲ." ಬರೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ವಿಡಿಯೋ ಹೇಗೆ ಓಡಿತು ಅಂದರೆ, ಅಕ್ಕ ತರಕಾರಿ ತರಲು ಹೋದರೆ ಸಂತೆಯಲ್ಲಿ ಜನ ಗುರುತು ಹಿಡಿದು ಮಾತಾಡಿಸುತ್ತಿದ್ದರು. ಆರ್ಡರು ಕೋಯಮತ್ತೂರು, ಹೈದರಾಬಾದು, ಮೈಸೂರು ಎಲ್ಲ ಕಡೆಯಿಂದ ಬಂತು. ಮಾವನ ಜೊತೆಗೆ ಇನ್ನಿಬ್ಬರು ಹೆಂಗಸರು ಹೊಲಿಗೆಗೆ ಸೇರಿದರು. ಅಕ್ಕ ನನ್ನ ಮೇಜಿಗೆ ದಿನಾ ಮಧ್ಯಾಹ್ನ ಏನಾದರೊಂದು ತಿನ್ನುವುದನ್ನು ತಂದಿಡುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ಗಿರಾಕಿ ಕೋಯಮತ್ತೂರಿನಲ್ಲಿದ್ದರೂ ಅಕ್ಕ ನೀರು ಹೊಯ್ಯುವುದನ್ನು ಬಿಡಲಿಲ್ಲ. ಮಾವನೋ, ಹೊಲಿಗೆಯವರಲ್ಲಿ ಒಬ್ಬರೋ ಒಳಗೆ ಕೂರುವುದು, ಅಕ್ಕ ಹೊಯ್ಯುವುದು, ಬಿಚ್ಚುವುದು, ಹಿತ್ತಲ ಉದ್ದಕ್ಕೂ ಕಟ್ಟಿದ್ದ ಹಗ್ಗದ ಮೇಲೆ ಸೀರೆ ಒಣಹಾಕಿದ ಹಾಗೆ ಟೆಂಟಿನ ಬಟ್ಟೆ ಒಣಹಾಕುವುದು. ಬೇಸಿಗೆಯಲ್ಲಿ ಇದು ಒಂದು ತೊಂದರೆಯೇ ಅಲ್ಲ. ಒಂದು ಸುತ್ತು ಕಾಫಿ ಕುಡಿದು ಬರುವಷ್ಟರಲ್ಲಿ ಬಟ್ಟೆ ಗರಿಗರಿ. ಮಡಿಸಿ, ಚೀಲಕ್ಕೆ ತುಂಬಿ, ಕೊರಿಯರ್ ವ್ಯಾನಿಗೆ ಹಾಕುತ್ತಿದ್ದೆವು.

ಆಮೇಲೆ ಮಳೆಗಾಲ ಬಂತು. ಹೊಸೂರಿನ ಮಳೆ ಧೋ ಎಂದು ಸುರಿದು ಹೋಗುವ ಪೈಕಿಯಲ್ಲ. ಮೋಡ ಮುಚ್ಚಿಕೊಂಡು, ಪಿರಿಪಿರಿ ಹನಿಯುತ್ತಾ, ಬಿಸಿಲಿನ ಮುಖವನ್ನೇ ತೋರಿಸದೆ ಕೂರುತ್ತದೆ. ಟೆಂಟು ಮಾರಾಟ ಆಗುವುದೂ ಆ ದಿನಗಳಲ್ಲೇ. ಹಗ್ಗದ ಮೇಲಿನ ಬಟ್ಟೆ ಮೇಲ್ನೋಟಕ್ಕೆ ಒಣಗಿದ ಹಾಗೆ ಇರುತ್ತಿತ್ತು, ಮುಟ್ಟಿದರೆ ತಣ್ಣಗೆ. ಅದು ಚಳಿಯ ತಣ್ಣಗೋ ನೀರಿನ ತಣ್ಣಗೋ ಯಾರು ಹೇಳಬೇಕು? ಹೊಲಿಗೆಯ ಮಡಿಕೆಯೊಳಗೆ, ಅಂಚಿನ ಪಟ್ಟಿಯೊಳಗೆ ಪಸೆ ಉಳಿದುಬಿಡುತ್ತಿತ್ತು. ವ್ಯಾನಿನವರು ಹೊರಗೆ ಹಾರ್ನು ಹೊಡೆಯುತ್ತಿದ್ದರು. ನಾವು ಮಡಿಸಿ ತುಂಬುತ್ತಿದ್ದೆವು.

ಒದ್ದೆ ಬಟ್ಟೆ ಪ್ಲಾಸ್ಟಿಕ್ಕಿನೊಳಗೆ ಊರೂರು ಸುತ್ತಿ ಮನೆ ತಲುಪುವಷ್ಟರಲ್ಲಿ ಏನಾಗಬೇಕೋ ಅದೇ ಆಯಿತು. ಮೊದಲು ಒಬ್ಬರು ಮುಗ್ಗಲು ವಾಸನೆ ಅಂತ ಬರೆದರು. ಆಮೇಲೆ ಒಬ್ಬರು ಫೋಟೋ ಹಾಕಿದರು. ಕಿತ್ತಳೆ ಬಣ್ಣದ ಬಟ್ಟೆಯ ಮೇಲೆ ಕಪ್ಪು ಕಪ್ಪು ಬೂಷ್ಟಿನ ಚುಕ್ಕೆ, ಅಂಚಿನಲ್ಲಿ ನಮ್ಮದೇ ಹಿತ್ತಲಿನ ಕೆಂಪು ಮಣ್ಣು. ಕೆಳಗೆ ಬರೆದಿದ್ದರು: "ಯಾರೋ ಬಳಸಿ ವಾಪಸ್ ಕೊಟ್ಟ ಟೆಂಟನ್ನು ನನಗೆ ಕಳಿಸಿದ್ದಾರೆ." ಅದನ್ನು ಓದಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ಒಬ್ಬರ ಹಿಂದೆ ಒಬ್ಬರು ಅದನ್ನೇ ಬರೆದರು. ಹಳೇ ಮಾಲು. ಬಾಡಿಗೆಗೆ ಕೊಟ್ಟ ಮಾಲು. ಮೋಸ.

ಅಕ್ಕನಿಗೆ ಇಂಗ್ಲಿಷು ಓದಲು ಬಾರದು. ನಾನು ಹೇಳದೇ ಇರಬಹುದಿತ್ತು. ಆದರೆ ಕೋಯಮತ್ತೂರಿನ ಒಬ್ಬರು ನೇರವಾಗಿ ಅಂಗಡಿಗೇ ಫೋನ್ ಮಾಡಿದರು, ಎತ್ತಿದ್ದು ಅಕ್ಕ. "ಪಳಸೆ ಪುದುಸುನ್ನು ವಿಕ್ಕಿರೀಂಗ" ಎಂದು, ಹಳೆಯದನ್ನು ಹೊಸದೆಂದು ಮಾರುತ್ತೀರಿ ಎಂದು ಅವರು ಕೂಗಾಡುವುದು ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. ಅಕ್ಕ ತಮಿಳಿನಲ್ಲಿ ಶುರುಮಾಡಿ, ಅರ್ಧಕ್ಕೆ ತೆಲುಗಿಗೆ ಹೋಗಿ, ಕೊನೆಗೆ ಕನ್ನಡಕ್ಕೇ ಬಂದುಬಿಟ್ಟರು. "ಅಯ್ಯೋ ಸಾಮಿ, ಬಳಸಿದ್ದಲ್ಲ, ನೀರು ಹೊಯ್ದಿದ್ದು! ನಿಮಗೋಸ್ಕರಾನೇ ಹೊಯ್ದಿದ್ದು!" ಆ ಕಡೆ ಫೋನ್ ಯಾವಾಗಲೋ ಇಟ್ಟಾಗಿತ್ತು.

ಅಕ್ಕ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. "ಸೋರ್ತು ಅಂದಿದ್ರೆ ತಲೆ ತಗ್ಗಿಸ್ಕತಿದ್ದೆ ಕಣಮ್ಮಿ. ಕಳ್ಳಿ ಅಂದ್ಬುಟ್ನಲ್ಲ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯನ ಮೇಲೆ, ಮೋಡದ ಮೇಲೆ, ನಾನು ಬರೆದ ಆ ಸಾಲಿನ ಮೇಲೆ, ಎಲ್ಲದರ ಮೇಲೂ.

ಮಾಡದ ಸರ್ಕಸ್ಸು ಉಳಿಯಲಿಲ್ಲ. ಹೊಲಿಗೆಯ ಕೋಣೆಯಲ್ಲೇ ಹಗ್ಗ ಕಟ್ಟಿ ಫ್ಯಾನು ಹಾಕಿದೆವು. ಕರೆಂಟು ಹೋದಾಗ ಬಟ್ಟೆಗಳು ಬಾವಲಿಗಳ ಹಾಗೆ ಜೋತುಬಿದ್ದಿರುತ್ತಿದ್ದವು, ಮಾವನ ಬೋಳುತಲೆಯ ಮೇಲೆ ತೊಟ್ಟಿಕ್ಕುತ್ತಿದ್ದವು. ಇಸ್ತ್ರಿಯಲ್ಲಿ ಒಣಗಿಸಲು ನೋಡಿದೆವು, ಟೇಪು ಕಿತ್ತುಬಂತು. ಚೀಲದೊಳಗೆ ಪಸೆ ಹೀರುವ ಪುಡಿಯ ಪೊಟ್ಟಣ ಹಾಕಿದೆವು, ಅದು ಎಷ್ಟೆಂದು ಹೀರೀತು? ಆರ್ಡರು ಬಂದ ವಾರದ ಮೇಲೆ ಕಳಿಸುತ್ತೇವೆ ಎಂದು ಪುಟದಲ್ಲಿ ಬರೆದೆ. ಶನಿವಾರ ಬೆಟ್ಟಕ್ಕೆ ಹೊರಟವರು ವಾರ ಕಾಯುತ್ತಾರೆಯೇ? ಆರ್ಡರು ರದ್ದು ಮಾಡಿಕೊಂಡು ಹೋದರು. ಇತ್ತ ಗಿರಾಕಿಗಳು ಪುಟದಲ್ಲಿ ನಮಗೆ ಕೊಡುವ ನಕ್ಷತ್ರಗಳು ಇಳಿಯುತ್ತಿದ್ದವು. ಆ ನಕ್ಷತ್ರ ಕಡಿಮೆಯಾದರೆ ಜಾಹೀರಾತಿಗೆ ಎಷ್ಟು ಸುರಿದರೂ ಅಷ್ಟೇ, ಜನ ಬರುತ್ತಾರೆ, ನಕ್ಷತ್ರ ನೋಡುತ್ತಾರೆ, ಹೋಗುತ್ತಾರೆ. ವಾಪಸ್ಸು ಬಂದ ಟೆಂಟುಗಳು ಗೋಡೆಗೆ ಒರಗಿಕೊಂಡು ನಾರುತ್ತಿದ್ದವು. ಹೊಲಿಗೆಗೆ ಸೇರಿದ್ದ ಇಬ್ಬರು ಹೆಂಗಸರು, ಕೆಲಸ ಇರುತ್ತದೋ ಇಲ್ಲವೋ ಎಂದು ನನ್ನ ಮುಖ ನೋಡಲು ಶುರುಮಾಡಿದರು. ಅಂಗಡಿ ಇನ್ನೊಂದು ಮಳೆಗಾಲ ಕಾಣುವುದು ಅನುಮಾನವಾಗಿತ್ತು.

ಕೊನೆಗೆ ಒಂದು ಸೋಮವಾರ ಬೆಳಿಗ್ಗೆ, ಮಿಷನ್ನು ಶುರುವಾಗುವ ಮುಂಚೆ, ಅಕ್ಕನನ್ನೂ ಮಾವನನ್ನೂ ಕೂರಿಸಿಕೊಂಡು ಹೇಳಿದೆ. ಹೊಲಿದದ್ದಕ್ಕೆಲ್ಲ ನೀರು ಹೊಯ್ಯುವುದು ಬೇಡ. ಒಂದು ತಾನು ಬಟ್ಟೆಯಿಂದ ಹೊಲಿದ ಟೆಂಟುಗಳಲ್ಲಿ ಒಂದನ್ನು ಮಾತ್ರ ಹೊಯ್ದು ನೋಡೋಣ, ಅದನ್ನು ಅಂಗಡಿಯ ನಮೂನೆಯಾಗಿ ಇಟ್ಟುಕೊಳ್ಳೋಣ. ಟೇಪು ಅಂಟಿಸುವ ಬಿಸಿಗಾಳಿಯ ಮಿಷನ್ನು ಹಾಕಿಸೋಣ, ಕೈ ಇಸ್ತ್ರಿಗಿಂತ ಗಟ್ಟಿ ಕೂರುತ್ತದೆ. ಎಲ್ಲಾದರೂ ಸೋರಿದರೆ ಬದಲಿ ಟೆಂಟು ಕಳಿಸೋಣ. ಹಿತ್ತಲಿಗೆ ಶೀಟು ಹೊದಿಸಿ, ನೆಲಕ್ಕೆ ಸಿಮೆಂಟು ಹಾಕಿ, ಸರಕು ಇಡೋಣ. ದೊಡ್ಡ ಕಂಪನಿಗಳೂ ಹೀಗೇ ಮಾಡುವುದು, ಯಾರೂ ಒಂದೊಂದಕ್ಕೂ ನೀರು ಹೊಯ್ಯುತ್ತಾ ಕೂರುವುದಿಲ್ಲ. ಇಷ್ಟನ್ನೂ ಉಸಿರು ಬಿಡದೆ ಒಪ್ಪಿಸಿದೆ.

ಮಾವ ಬೇಡ ಅಂದಾರು ಎಂದುಕೊಂಡಿದ್ದೆ. ಅವರು ಮುಖ ಅರಳಿಸಿದರು. "ಒಳ್ಳೇದಾಯ್ತು ಕಣಮ್ಮಿ. ಈ ವಯಸ್ನಾಗೂ ನಂಗೆ ದಿನಾ ಪರೀಕ್ಷೆ. ಇವ್ಳು ಬಿಂದಿಗೆ ಎತ್ತಿದ್ರೆ ನನ್ ಎದೆ ಡವಡವ ಅಂತದೆ."

ಅಕ್ಕ ನಗಲಿಲ್ಲ. "ಸೋರೋದು ಒಂದು ಹೊಂಟೋದ್ರೆ?" ಅಂದರು.

"ಬದಲಿ ಕಳಿಸ್ತೀವಲ್ಲಕ್ಕ."

"ಅದು ಆಮೇಲಿನ ಮಾತಾಯ್ತು. ಅವತ್ತು ಅವ್ರು ಬೆಟ್ಟದ ಮ್ಯಾಲೆ ಇರ್ತಾರಲ್ಲ, ಮಳೇಲಿ?"

ನನ್ನ ಬಳಿ ಅದಕ್ಕೂ ಉತ್ತರ ಇತ್ತು. ಸೋರುವುದು ಅಪರೂಪ, ಸೋರಿದರೂ ಒಂದು ಮೂಲೆಯಲ್ಲಿ ಸ್ವಲ್ಪ, ಆದರೆ ಬೂಷ್ಟು ಹಿಡಿದದ್ದು ಪೂರಾ ಟೆಂಟೇ ಹಾಳು ಎಂದೆ. ಈಗ ಅಂಗಡಿ ಉಳಿಯುವ ಮಾತಾಡೋಣ ಅಕ್ಕ, ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಅಕ್ಕ ಎದ್ದು ಹಿತ್ತಲ ಬಾಗಿಲಲ್ಲಿ ನಿಂತರು. ಹೊರಗೆ ಅದೇ ಪಿರಿಪಿರಿ. ಹಗ್ಗದ ಮೇಲೆ ಒಣಗದ ಟೆಂಟು. "ನಿಂಗೆ ತಿಳ್ದಂಗೆ ಮಾಡಮ್ಮಿ" ಅಂದರು. ಅಕ್ಕ ಹಾಗೆ ಯಾರಿಗೂ, ಯಾವುದಕ್ಕೂ ಅಂದದ್ದನ್ನು ನಾನು ಕೇಳಿರಲಿಲ್ಲ. ಗೆದ್ದೆ ಅಂದುಕೊಂಡೆ.

ಆ ದಿನವೇ ಪುಟದ ಸಾಲು ಬದಲಾಯಿಸಿದೆ. "ನೀರಿನ ಪರೀಕ್ಷೆಯಲ್ಲಿ ಗೆದ್ದ ವಿನ್ಯಾಸ" ಎಂದು ಬರೆದೆ. ಸುಳ್ಳಲ್ಲ. ವಿನ್ಯಾಸ ಗೆದ್ದಿತ್ತು. ವಿಡಿಯೋ ಮಾತ್ರ ಪುಟದಿಂದ ತೆಗೆದುಹಾಕಲಿಲ್ಲ, ಜನ ಬರುತ್ತಿದ್ದುದೇ ಅದನ್ನು ನೋಡಿಕೊಂಡು. ಅದು ಹಳೆಯದು ಎಂದೂ ಎಲ್ಲಿಯೂ ಬರೆಯಲಿಲ್ಲ.

ಹಿತ್ತಲಿಗೆ ಶೀಟು ಬಂತು. ನಲ್ಲಿ ಕಿತ್ತು ಮುಚ್ಚಿದರು. ಹಗ್ಗ ಇದ್ದ ಜಾಗದಲ್ಲಿ ಕಬ್ಬಿಣದ ಅಟ್ಟ, ಅಟ್ಟದ ತುಂಬ ಪೆಟ್ಟಿಗೆ. ಬಿಸಿಗಾಳಿ ಮಿಷನ್ನು ಬಂದಾಗ ಮಾವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಹೊಲಿದ ಟೆಂಟು ಆ ದಿನವೇ ಪೆಟ್ಟಿಗೆಗೆ ಹೋಗುತ್ತಿತ್ತು, ಮರುದಿನ ವ್ಯಾನಿಗೆ. ಬೂಷ್ಟಿನ ದೂರು ನಿಂತಿತು. ಕೋಪಗೊಂಡಿದ್ದವರಿಗೆಲ್ಲ ಹೊಸ ಟೆಂಟು ಕಳಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಆದದ್ದನ್ನು ವಿವರಿಸಿದೆ. ನಕ್ಷತ್ರಗಳು ನಿಧಾನಕ್ಕೆ ಮೇಲೆ ಬಂದವು. ಹೊಲಿಗೆಯ ಹೆಂಗಸರು ನನ್ನ ಮುಖ ನೋಡುವುದು ಬಿಟ್ಟು ಸೂಜಿ ನೋಡತೊಡಗಿದರು. ಸೋರಿತು ಎಂಬ ದೂರು ಎಲ್ಲೋ ಅಪರೂಪಕ್ಕೆ ಬರುತ್ತಿತ್ತು, ಬದಲಿ ಕಳಿಸಿದರೆ ಮುಗಿಯಿತು. ನಾನು ಹೇಳಿದ್ದೆಲ್ಲ ಹೇಳಿದ ಹಾಗೇ ಆಯಿತು. ಇವತ್ತು ಯಾರಾದರೂ ಬಂದು ಅದೇ ಕಷ್ಟ ಹೇಳಿಕೊಂಡರೆ ನಾನು ಬೇರೆ ದಾರಿ ತೋರಿಸಬಲ್ಲೆನೇ? ಇಲ್ಲ. ಅದಕ್ಕೇ ನನಗೆ ಹೆಚ್ಚು ಬೇಜಾರು. ತಪ್ಪು ಅಂತ ಗೊತ್ತಾದರೆ ತಿದ್ದಿಕೊಳ್ಳಬಹುದು, ಸರಿಯಾದದ್ದನ್ನು ಏನು ಮಾಡುವುದು?

ಅಕ್ಕ ಅಂಗಡಿಗೆ ಬರುತ್ತಿದ್ದರು, ಕೂರುತ್ತಿದ್ದರು, ಗಲ್ಲಾ ನೋಡಿಕೊಳ್ಳುತ್ತಿದ್ದರು. ಮೊದಲು ಅವರ ಗಂಟಲು ರಸ್ತೆಯ ಆಚೆ ಬದಿಯ ಟೀ ಅಂಗಡಿಗೂ ಕೇಳುತ್ತಿತ್ತು. ಈಗ ಪಕ್ಕದಲ್ಲಿ ಕೂತ ನಾನೇ ಎರಡು ಸಲ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಗಿರಾಕಿ ಬಂದರೆ, "ಅವ್ಳನ್ನ ಕೇಳಿ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ಬಿಂದಿಗೆಯನ್ನು ಹೊಲಿಗೆ ಕೋಣೆಯ ಮೂಲೆಯಲ್ಲಿ ಕುಡಿಯುವ ನೀರಿಗೆ ಇಟ್ಟುಕೊಂಡಿದ್ದರು. ಸ್ಟೂಲಿನ ಮೇಲೆ ನನ್ನ ಪ್ರಿಂಟರು ಕೂತಿತ್ತು. ನಾನು ಇದನ್ನೆಲ್ಲ ಕಂಡೂ ಕಾಣದ ಹಾಗೆ ಇದ್ದೆ. ವಯಸ್ಸಾಯಿತು, ದಣಿವು ಅಂದುಕೊಂಡೆ. ಹಾಗೆ ಅಂದುಕೊಂಡರೆ ನನಗೆ ಆರಾಮ ಇತ್ತು.

ಮುಂದಿನ ಮಳೆಗಾಲದ ಹೊತ್ತಿಗೆ ನಾಟ್ರಾಂಪಾಳ್ಯದಿಂದ ಗಂಡ ಹೆಂಡತಿ ಇಬ್ಬರು ಬಂದರು. ಅಂಚೆಟ್ಟಿ ದಾಟಿ, ಕಾಡು ದಾಟಿ, ಬಸ್ಸು ಬದಲಾಯಿಸಿಕೊಂಡು ಬಂದಿದ್ದರು. ಗಂಡನ ಹೆಗಲ ಮೇಲೆ ಟವಲು, ಹೆಂಡತಿಯ ಕೈಯಲ್ಲಿ ವೈರಿನ ಬುಟ್ಟಿ. ಹೊಲದ ಮಧ್ಯೆ ದೊಡ್ಡ ಬಂಡೆ ಇದೆಯಂತೆ, ರಾಗಿ ತೆನೆ ಕಟ್ಟಿದ ಮೇಲೆ ಹಂದಿ ಕಾವಲಿಗೆ ಅದರ ಮೇಲೆ ಮಲಗುತ್ತಾರಂತೆ. ಗಂಡ, ಹೆಂಡತಿ ಸರದಿಯ ಮೇಲೆ.

"ಗುಡ್ಸ್ಲು ಹಾಕಿದ್ರೆ ಗಾಳಿಗೆ ನಿಲ್ಲಾಕಿಲ್ಲ" ಅಂದರು ಆಕೆ. "ಹೋದ್ ವರ್ಷ ನೆನ್ಕಂಡು ನೆನ್ಕಂಡು ಇವ್ರಿಗೆ ಎದೆ ಕಟ್ಕಂಡು ಆಸ್ಪತ್ರೆಗೆ ಹಾಕಿದ್ವಿ. ನಮ್ ತಂಗಿ ಮಗ್ಳು ಫೋನಲ್ಲಿ ನಿಮ್ದು ವಿಡಿಯೋ ತೋರಿಸಿದ್ಲು. ಹೋಗನ ಅಂತ ಬಂದ್ವಿ."

ಅಂಗಡಿಯ ಮುಂಭಾಗದಲ್ಲಿ ನಮೂನೆಯ ಟೆಂಟು ಕಟ್ಟಿ ನಿಲ್ಲಿಸಿತ್ತು. ನಾನು ಎದ್ದು ಹೋಗಿ ಬಟ್ಟೆ ಯಾವುದು, ಕಂಬಿ ಯಾವುದು ಎಂದು ವಿವರಿಸಲು ಶುರುಮಾಡುವುದರೊಳಗೆ, ಆ ಮನುಷ್ಯ ಚಪ್ಪಲಿ ಬಿಟ್ಟು, ಟವಲು ಕೊಡವಿ, ಬಗ್ಗಿ ಒಳಗೆ ಹೋಗಿ ಕೂತುಬಿಟ್ಟರು. ಜಿಪ್ಪು ತಾವೇ ಎಳೆದುಕೊಂಡರು. ಒಳಗಿನಿಂದ ದನಿ ಬಂತು.

"ಊಂ, ಹೊಯ್ಯಕ್ಕ!"

ಹೆಂಡತಿ ನೀರು ಸಿಡಿದೀತು ಎಂದು ಬುಟ್ಟಿ ಎತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ನಿಂತರು. ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಅಕ್ಕ ಗಲ್ಲಾದ ಹಿಂದೆ ಅರ್ಧ ಎದ್ದವರು ಹಾಗೇ ನಿಂತರು, ನನ್ನ ಕಡೆ ನೋಡಿದರು. ನಾನು ಟೆಂಟಿನ ಜಿಪ್ಪಿನ ಹತ್ತಿರ ಬಗ್ಗಿದೆ.

"ಈಗ ಇಲ್ಲಿ ಹೊಯ್ಯಲ್ಲ ಅಣ್ಣ" ಅಂದೆ. "ನಲ್ಲಿ ತೆಗೆಸಿದ್ದೀವಿ."

ಜಿಪ್ಪು ಸರ್ ಎಂದಿತು. ಅವರು ತಲೆ ಹೊರಗೆ ಹಾಕಿದರು. ಸಿಟ್ಟಿರಲಿಲ್ಲ. ಏನೋ ಹೆಚ್ಚುಕಡಿಮೆ ಮಾಡಿಬಿಟ್ಟೆನೇನೋ ಎಂಬ ಸಂಕೋಚ ಇತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು, ನನ್ನನ್ನು ಬಿಟ್ಟು ಅಕ್ಕನ ಹತ್ತಿರ ಹೋಗಿ ಕೇಳಿದರು:

"ಹಂಗಾರೆ ಸೋರಾಕಿಲ್ಲ ತಾನೇ ಅಕ್ಕ?"

ಅಕ್ಕನನ್ನು ಅಂಗಡಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಂದಿರಲಿಲ್ಲ. ಬಿಂದಿಗೆ ಹೇಳುತ್ತಿತ್ತು. ನಾನು ಅವರ ಹಿಂದೆ ನಿಂತು ಅಕ್ಕನಿಗೆ ತಲೆಯಾಡಿಸಿ ಸನ್ನೆ ಮಾಡಿದೆ, ಇಲ್ಲ ಅನ್ನಿ, ಸೋರಲ್ಲ ಅನ್ನಿ ಎಂದು. ಬಹುತೇಕ ನಿಜವೇ ಅದು. ಅಕ್ಕ ನನ್ನ ಸನ್ನೆ ನೋಡಿದರು. ಆಮೇಲೆ ಆ ಮನುಷ್ಯನ ಮುಖ ನೋಡಿದರು.

"ನಂಗೊತ್ತಿಲ್ಲ ಕಣಪ್ಪ" ಅಂದರು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದೂರದಿಂದ ಬಂದವರು, ಮತ್ತೆ ಬರುವುದೂ ಸುಲಭದ ಮಾತಲ್ಲ. ಸುಮ್ಮನೆ ಹೊರಟುಹೋಗುತ್ತಾರೆ ಅಂದುಕೊಂಡೆ, ಹೋಗಿದ್ದರೆ ಚೆನ್ನಾಗಿತ್ತು ಅಂತಲೂ ಈಗ ಅನ್ನಿಸುತ್ತದೆ. ಆದರೆ ಆಕೆಯೇ ಮುಂದೆ ಬಂದು, ಅಕ್ಕನಿಗೆ ಸಮಾಧಾನ ಹೇಳುವ ದನಿಯಲ್ಲಿ ಅಂದರು:

"ಹೋಗ್ಲಿ ಬುಡಕ್ಕ, ಅದಕ್ಕ್ಯಾಕೆ ಮುಖ ಸಣ್ಣ ಮಾಡ್ಕಂತೀಯ. ಊರಿಗೋಗಿ ನಾವೇ ಹೊಯ್ಕಂಡು ನೋಡ್ಕಂತೀವಿ."

ಅಕ್ಕ ಅಟ್ಟದಿಂದ ತಾವೇ ಒಂದು ಪೆಟ್ಟಿಗೆ ಇಳಿಸಿದರು. ಬಿಚ್ಚಿ, ಒಂದೊಂದು ಮೂಲೆಯನ್ನೂ ಬೆಳಕಿಗೆ ಹಿಡಿದು, ನಾಲ್ಕು ಹೊಲಿಗೆ ಕೂಡುವಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಅಲ್ಲಿ ಕಣ್ಣಿಗೂ ಬೆರಳಿಗೂ ಏನೂ ಸಿಗುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನೋಡಿದರು. ಮಡಿಸಿ ಚೀಲಕ್ಕೆ ತುಂಬಿ, ಆ ಹೆಂಗಸಿನ ಕೈಗೆ ಕೊಡುವಾಗ, "ಹೊಯ್ದು ನೋಡಿ, ಸೋರ್ತೋ ಇಲ್ವೋ ಒಂದು ಫೋನ್ ಮಾಡಿ ಹೇಳವ್ವ" ಅಂದರು. "ಸೋರಿದ್ರೆ ನಾನೇ ಬತ್ತೀನಿ, ಬೇರೇದು ತಗಂಡು." ಆಯ್ತಕ್ಕ, ಮಾಡ್ತೀವಿ ಅಂದರು ಆಕೆ. ಚೀಲವನ್ನು ಗಂಡ ಹೆಗಲಿಗೆ ಏರಿಸಿಕೊಂಡರು. ಬಸ್ಸಿನ ಹೊತ್ತಾಯಿತು ಎಂದು ಹೊರಟರು.

ಅವರು ಹೋದ ಮೇಲೆ ಹೊಳೆಯಿತು, ಅವರ ನಂಬರು ನಾನು ಬರೆದುಕೊಂಡೇ ಇರಲಿಲ್ಲ. ಪುಟ ತೆರೆದು ಸುಮ್ಮನೆ ನೋಡಿಹೋದವರ ನಂಬರನ್ನೂ ಹೇಗಾದರೂ ಮಾಡಿ ಹಿಡಿದಿಟ್ಟುಕೊಳ್ಳುವವಳು ನಾನು. ಸ್ಕೂಟಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಅಂಚೆಟ್ಟಿ ಬಸ್ಸು ಹೋಗಿಯಾಗಿತ್ತು.

ವಿಡಿಯೋ ಆ ಸಂಜೆಯೇ ತೆಗೆದುಹಾಕಿದೆ. ಆರ್ಡರು ಸ್ವಲ್ಪ ಇಳಿಯಿತು, ಆಮೇಲೆ ಬೇರೆ ಜಾಹೀರಾತಿನಿಂದ ಸರಿಹೋಯಿತು. ಈಗ ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ. ನಾಟ್ರಾಂಪಾಳ್ಯದಿಂದ ಫೋನ್ ಬರಲಿಲ್ಲ. ಸೋರಲಿಲ್ಲವೋ, ಸೋರಿದರೂ ಅಕ್ಕನಿಗೆ ಯಾಕೆ ನೋಯಿಸಬೇಕು ಅಂತ ಸುಮ್ಮನಾದರೋ, ಅಂಗಡಿಯ ನಂಬರೇ ಕಳೆದುಕೊಂಡರೋ, ಗೊತ್ತಿಲ್ಲ.

ಮೋಡ ಕವಿದು ಹನಿಯಲು ಶುರುವಾದರೆ ಅಕ್ಕ ಗಲ್ಲಾದಿಂದ ಎದ್ದು ಬಂದು ನನ್ನ ಮೇಜಿನ ಪಕ್ಕ ನಿಲ್ಲುತ್ತಾರೆ. ನನಗೆ ಏನು ಕೇಳುತ್ತಾರೆ ಎಂದು ಗೊತ್ತು, ಆದರೂ ಕೀಬೋರ್ಡಿನಿಂದ ಕೈ ತೆಗೆದು ತಿರುಗುತ್ತೇನೆ.

"ನಾಟ್ರಾಂಪಾ‌ಳ್ಯದವ್ರು ಫೋನ್ ಏನಾರಾ ಮಾಡಿದ್ರಾ ಅಮ್ಮಿ?"

"ಇಲ್ಲಕ್ಕ" ಅನ್ನುತ್ತೇನೆ.